ಕೇಳಿಸುತ್ತದೆ, ಕೇಳಿಸುತ್ತದಂತೆ

ಒಂಬತ್ತನೆಯ ತರಗತಿಯಲ್ಲಿ ಶಬ್ದದ ಪಾಠ ಮುಗಿದ ಮರುದಿನ, ಪ್ರತಿಧ್ವನಿಯ ಬಗ್ಗೆ ತಮಗೆ ಗೊತ್ತಿರುವ ಒಂದು ಸಂಗತಿಯನ್ನು ಸ್ವಂತ ಮಾತಿನಲ್ಲಿ ಬರೆದು ತರುವಂತೆ ಮಕ್ಕಳಿಗೆ ಹೇಳುವುದು ನನ್ನ ರೂಢಿ. ವಿಜಯಪುರ ಜಿಲ್ಲೆಯ ಮಕ್ಕಳಾದ್ದರಿಂದ ಹೆಚ್ಚಿನವರು ಗೋಳಗುಮ್ಮಟದ ಬಗ್ಗೆಯೇ ಬರೆಯುತ್ತಾರೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಹೀಗೆ ಬರೆದಿದ್ದ: “ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳಿಸುತ್ತದೆ.” ಅಕ್ಷರ ದುಂಡಗಿತ್ತು, ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಸರಿ ಗುರುತು ಹಾಕಲು ಪೆನ್ನು ಎತ್ತಿದವನು ಏಕೋ ತಡೆದು, ಅವನನ್ನು ಮೇಜಿನ ಬಳಿ ಕರೆದೆ.

“ಏಳು ಸಲ ಅಂತ ಬರದೀಯಲ್ಲ, ನೀ ಎಣಿಸಿ ನೋಡೀಯೇನು?”

“ಇಲ್ರಿ ಸರ. ಎಲ್ಲಾರೂ ಹಂಗ ಅಂತಾರ್ರಿ.”

“ಹಂಗಾದ್ರ ‘ಕೇಳಿಸುತ್ತದೆ’ ಅಂತ ಹೆಂಗ ಬರದಿ?”

ಅವನು ಸ್ವಲ್ಪ ಹೊತ್ತು ಪಾಟಿಯ ಕಡೆ ನೋಡುತ್ತ ನಿಂತ. ಆಮೇಲೆ ಮೆಲ್ಲಗೆ ಕೇಳಿದ: “‘ಕೇಳಿಸ್ತೈತಂತ’ ಅಂತ ಬರೀಬೇಕಿತ್ತೇನ್ರಿ?”

ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ ನನಗೆ ಆ ಹುಡುಗನ ಪ್ರಶ್ನೆ ಒಂದು ದೊಡ್ಡ ಪಾಠವಾಯಿತು. ನಾನು ಅವನಿಗೆ ಪ್ರಮಾಣ, ಪುರಾವೆ, ವೀಕ್ಷಣೆ ಎಂದೆಲ್ಲ ವಿವರಿಸಲು ಸಿದ್ಧನಾಗಿದ್ದೆ. ಅವನು ಅದಾವುದರ ಹಂಗಿಲ್ಲದೆ, ತನ್ನ ಮನೆಯಲ್ಲಿ ದಿನವೂ ಆಡುವ ಒಂದು ಪ್ರತ್ಯಯದಿಂದ ತನ್ನ ವಾಕ್ಯವನ್ನು ತಾನೇ ತಿದ್ದಿಕೊಂಡಿದ್ದ. ಕಂಡದ್ದಕ್ಕೆ ಒಂದು ರೂಪ, ಕೇಳಿ ತಿಳಿದದ್ದಕ್ಕೆ ಇನ್ನೊಂದು ರೂಪ. ಆ ಭೇದ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ವಿಜ್ಞಾನದ ನೋಟುಬುಕ್ಕಿನಲ್ಲಿ ಅದನ್ನು ಬಳಸಬಹುದು ಎಂಬುದನ್ನು ಮಾತ್ರ ನಾವು ಯಾರೂ ಅವನಿಗೆ ಹೇಳಿರಲಿಲ್ಲ.

ನಮ್ಮ ಮಾತಿನಲ್ಲಿ ಈ ವಿಷಯದಲ್ಲಿ ಎಷ್ಟು ಸೂಕ್ಷ್ಮವಿದೆ ಎಂಬುದನ್ನು ಒಮ್ಮೆ ನಿಧಾನವಾಗಿ ನೋಡಬೇಕು. “ಮಳೆ ಬಂತು” ಎಂದರೆ ನಾನು ನೋಡಿದ್ದೇನೆ, ಅಥವಾ ತೋಯಿಸಿಕೊಂಡಿದ್ದೇನೆ. “ಮಳೆ ಬಂತಂತೆ” ಎಂದರೆ ಯಾರೋ ಹೇಳಿದರು, ಅದರ ಹೊಣೆ ನನ್ನದಲ್ಲ. “ಮಳೆ ಬಂದಿರಬೇಕು” ಎಂದರೆ ಅಂಗಳ ಒದ್ದೆಯಾಗಿದೆ, ಅದನ್ನು ನೋಡಿ ಮಳೆಯನ್ನು ಊಹಿಸುತ್ತಿದ್ದೇನೆ. “ಬಂದಿರಬಹುದು” ಎಂದಾಗ ಆ ಊಹೆಗೆ ಆಧಾರ ಇನ್ನೂ ತೆಳ್ಳಗಿದೆ, ಬಾರದಿರಲೂಬಹುದು. “ಬಂದೀತು” ಎಂದರೆ ಮುಂದಿನ ಮಾತು, ಮೋಡದ ಬಣ್ಣ ನೋಡಿ ಆಡಿದ್ದು. ವ್ಯಾಕರಣದಲ್ಲಿ ಇದನ್ನೇ ಸಂಭಾವನಾರ್ಥಕ ರೂಪ ಎನ್ನುತ್ತಾರೆ, ನಮ್ಮ ಕಡೆ ಇದು ಪ್ರತಿಯೊಬ್ಬ ರೈತನ ಬಾಯಲ್ಲಿ ಇಂದಿಗೂ ಜೀವಂತವಾಗಿದೆ. ಓದು ಬಾರದ ನನ್ನ ಅವ್ವ ಈ ಐದನ್ನು ಒಂದು ದಿನವೂ ಒಂದಕ್ಕೊಂದು ಬೆರೆಸಿದವಳಲ್ಲ. ಓಣಿಯಲ್ಲಿ ನಡೆದ ಜಗಳದ ಸುದ್ದಿ ಹೇಳುವಾಗಲೂ ತಾನು ಕಂಡದ್ದು ಎಲ್ಲಿಗೆ ಮುಗಿಯಿತು, ಕೇಳಿದ್ದು ಎಲ್ಲಿಂದ ಶುರುವಾಯಿತು ಎಂಬುದು ಅವಳ ಕ್ರಿಯಾಪದಗಳಿಂದಲೇ ಗೊತ್ತಾಗುತ್ತಿತ್ತು.

ಇಷ್ಟು ಹದವಾದ ಸಾಧನ ಕೈಯಲ್ಲಿದ್ದೂ ನಾವು ವಿಜ್ಞಾನ ಬರೆಯಲು ಕುಳಿತಾಗ ಅದನ್ನು ಪಕ್ಕಕ್ಕಿಡುತ್ತೇವೆ. “ಎಂದು ಹೇಳಲಾಗುತ್ತದೆ”, “ಎಂದು ಕಂಡುಬಂದಿದೆ”, “ವೈಜ್ಞಾನಿಕವಾಗಿ ಸಾಬೀತಾಗಿದೆ”: ಈ ಮಾತುಗಳಲ್ಲಿ ಹೇಳಿದವರು ಯಾರು, ಕಂಡವರು ಯಾರು, ಸಾಬೀತು ಮಾಡಿದ್ದು ಎಲ್ಲಿ ಎಂಬುದು ಪೂರ್ತಿ ಮಾಯವಾಗುತ್ತದೆ. ಗಂಭೀರವಾಗಿ ಕೇಳಿಸಲಿ ಎಂದು ತಂದುಕೊಂಡ ಈ ಕರ್ಮಣಿ ಪ್ರಯೋಗ ಆಡುಗನ್ನಡದಲ್ಲಿ ಬಹಳ ಅಪರೂಪ. ಮೊಬೈಲಿನಲ್ಲಿ ಹರಿದಾಡುವ ಸುಳ್ಳು ಆರೋಗ್ಯ ಸಲಹೆಗಳೆಲ್ಲ ಇದೇ ಭಾಷೆಯಲ್ಲಿ ಇರುವುದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. “ಜೀರಿಗೆ ನೀರು ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ” ಎಂಬುದರ ಕೊನೆಗೆ ಒಂದು ‘ಅಂತೆ’ ಸೇರಿಸಿ ಓದಿದರೆ ಸಾಕು, ಅದರ ಅರ್ಧ ಬಲ ಕುಸಿಯುತ್ತದೆ.

ಆ ಹುಡುಗನ ವಾಕ್ಯವನ್ನು ಅಲ್ಲಿಗೇ ಬಿಡಲು ಮನಸ್ಸಾಗಲಿಲ್ಲ. ಮುಂದಿನ ತಿಂಗಳು ತರಗತಿಯ ಎಲ್ಲರನ್ನೂ ಕರೆದುಕೊಂಡು ಗೋಳಗುಮ್ಮಟಕ್ಕೆ ಹೋದೆ. ಬೆಳಗಿನ ಹೊತ್ತು, ಪ್ರವಾಸಿಗರ ಗದ್ದಲ ಶುರುವಾಗುವ ಮೊದಲು. ಮೂಲೆಯ ಗೋಪುರದೊಳಗಿನ ಇಕ್ಕಟ್ಟು ಮೆಟ್ಟಿಲುಗಳನ್ನು ಏಳು ಅಂತಸ್ತು ಹತ್ತಿ, ಗುಮ್ಮಟದ ಬುಡದ ಸುತ್ತು ಮೊಗಸಾಲೆಗೆ ಬಂದಾಗ ಮಕ್ಕಳ ಏದುಸಿರೇ ಗೋಡೆಯುದ್ದಕ್ಕೂ ಸುತ್ತುತ್ತಿತ್ತು. ಪ್ರತಿಯೊಬ್ಬರಿಗೂ ಒಂದು ಕಾಗದ, ಒಂದು ಪೆನ್ಸಿಲ್ಲು. ಒಬ್ಬರು ಕೂಗುವುದು, ಉಳಿದವರು ಕೇಳಿಸಿದಷ್ಟು ಸಲ ಗೀಟು ಎಳೆಯುವುದು, ಪಕ್ಕದವರ ಕಾಗದ ನೋಡುವಂತಿಲ್ಲ. ಇಷ್ಟೇ ನಿಯಮ.

ಮೊದಲನೆಯ ಸಲ ಒಬ್ಬ ತನ್ನ ಹೆಸರನ್ನೇ ಕೂಗಿದ. ಯಾರಿಗೂ ಎಣಿಸಲಾಗಲಿಲ್ಲ, ಹೆಸರಿನ ಮೇಲೆ ಹೆಸರು ಬಿದ್ದು ಕಲಸಿಹೋಯಿತು. ಆಗ ಒಬ್ಬಳು ಕೂಗುವ ಬದಲು ಒಂದೇ ಒಂದು ಚಪ್ಪಾಳೆ ತಟ್ಟಿದಳು. ಈಗ ಬಿಡಿಬಿಡಿಯಾಗಿ ಕೇಳಿಸಿತು. ಕಾರಣವನ್ನು ಅಲ್ಲಿಯೇ ನೆಲದ ಮೇಲೆ ಕುಳಿತು ಲೆಕ್ಕ ಹಾಕಿದೆವು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಎದುರು ಗೋಡೆಗೆ ಹೋಗಿ ಮರಳಿ ಬರಲು ಶಬ್ದ 76 ಮೀಟರ್ ದಾರಿ ಸವೆಸಬೇಕು. ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಅದಕ್ಕೆ 0.22 ಸೆಕೆಂಡು ಬೇಕು, ಅಂದರೆ ಕಾಲು ಸೆಕೆಂಡಿಗಿಂತ ತುಸು ಕಡಿಮೆ. ಚಪ್ಪಾಳೆ ಅಷ್ಟರೊಳಗೆ ಮುಗಿದಿರುತ್ತದೆ. ನಾಲ್ಕು ಅಕ್ಷರದ ಹೆಸರು ಮುಗಿದಿರುವುದಿಲ್ಲ, ಅದರ ತಲೆ ಮರಳಿ ಬರುವಾಗ ಬಾಲ ಇನ್ನೂ ಬಾಯಲ್ಲೇ ಇರುತ್ತದೆ. ಎರಡು ಶಬ್ದಗಳ ನಡುವೆ ಕನಿಷ್ಠ 0.1 ಸೆಕೆಂಡಿನ ಅಂತರವಿದ್ದರೆ ಕಿವಿ ಅವನ್ನು ಬೇರೆಬೇರೆಯಾಗಿ ಹಿಡಿಯುತ್ತದೆ ಎಂದು ಪಾಠದಲ್ಲಿ ಓದಿದ್ದ ಸಾಲು ಅವರಿಗೆ ಆ ದಿನ ಅರ್ಥವಾಯಿತು.

ಗೀಟುಗಳನ್ನು ಕೂಡಿಸಿ ನೋಡಿದರೆ ಒಬ್ಬರಿಗೆ ಐದು, ಒಬ್ಬರಿಗೆ ಎಂಟು, ಕಿವಿ ಚುರುಕಾದ ಇಬ್ಬರಿಗೆ ಹತ್ತು. ಏಳು ಬರೆದವರೂ ಇದ್ದರು. ಯಾರದು ಸರಿ ಎಂದು ಜಗಳ ಶುರುವಾಯಿತು. ನಾನು ತೀರ್ಪು ಕೊಡಲಿಲ್ಲ, ಕೊಡಲು ಬರುತ್ತಲೂ ಇರಲಿಲ್ಲ. ಶಬ್ದ ಪ್ರತಿ ಸಲವೂ ಕುಗ್ಗುತ್ತ ಹೋಗುತ್ತದೆ, ಒಂದು ಕಡೆ ತಟ್ಟನೆ ನಿಲ್ಲುವುದಿಲ್ಲ. ಕೊನೆಯದು ಯಾವುದು ಎಂಬುದು ಚಪ್ಪಾಳೆ ಎಷ್ಟು ಜೋರಾಗಿತ್ತು, ಕೇಳುವವರು ಎಲ್ಲಿ ನಿಂತಿದ್ದರು, ಕೆಳಗೆ ಪಾರಿವಾಳ ರೆಕ್ಕೆ ಬಡಿಯಿತೇ ಎಂಬುದರ ಮೇಲೆ ನಿಂತಿದೆ. ಹಾಗಾದರೆ “ಎಷ್ಟು ಸಲ ಕೇಳಿಸುತ್ತದೆ?” ಎಂಬ ಪ್ರಶ್ನೆಯೇ ಇನ್ನೂ ಪೂರ್ತಿಯಾಗಿಲ್ಲ: ಯಾವ ಶಬ್ದ, ಎಲ್ಲಿಂದ, ಯಾರಿಗೆ, ಎಂಥ ನಿಶ್ಶಬ್ದದಲ್ಲಿ ಎಂದು ಸೇರಿಸಿದ ಮೇಲೆಯೇ ಅದಕ್ಕೆ ಉತ್ತರ ಹುಡುಕಬಹುದು. ಹದಿನಾಲ್ಕು ವರ್ಷದ ಮಕ್ಕಳು ಈ ಮಾತನ್ನು ತಾವೇ ಕಂಡುಕೊಂಡರು. ನನಗೆ ಅಂದು ಆದಷ್ಟು ಸಂತೋಷ ಬೇರೆ ಯಾವ ತರಗತಿಯಲ್ಲೂ ಆಗಿಲ್ಲ.

ಅಲ್ಲಿಯೇ ಇನ್ನೊಂದು ಸಂಗತಿ ನಡೆಯಿತು. ಈ ಮೊಗಸಾಲೆಯಲ್ಲಿ ಒಬ್ಬರು ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರು ತುದಿಯಲ್ಲಿ ಇರುವವರಿಗೆ ಕೇಳಿಸುತ್ತದೆ ಎಂದು ತೋರಿಸುವುದು ವಾಡಿಕೆ. ಇಬ್ಬರು ಹುಡುಗಿಯರು ಹಾಗೆಯೇ ಮಾಡಿದರು, ಕೇಳಿಸಿತು, ನಕ್ಕರು. ಮೂರನೆಯವಳು ಎದುರು ತುದಿಗೆ ನಡೆದು ಹೋಗುತ್ತಿದ್ದವಳು ಅರ್ಧ ದಾರಿಯಲ್ಲಿ ಗೋಡೆಗೆ ಕಿವಿ ಹಚ್ಚಿ ನಿಂತು, “ಸರ, ಇಲ್ಲೂ ಕೇಳಸ್ತೈತ್ರಿ” ಎಂದಳು. ಎದುರಿನವರಿಗೆ ಕೇಳಿಸುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಅದನ್ನು ಕೇಳಿದವರೆಲ್ಲ ಎದುರಿನಲ್ಲಿ ಮಾತ್ರ ಕೇಳಿಸುತ್ತದೆ ಎಂದು ತಿಳಿದು ನಡುವೆ ನಿಲ್ಲದೆ ಹೋಗಿಬಿಡುತ್ತಾರೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಇಂಥದೇ ಗ್ಯಾಲರಿಯ ಬಗ್ಗೆ ಖಗೋಳಜ್ಞ ಏರಿ ಕೊಟ್ಟಿದ್ದ ವಿವರಣೆಯೂ ಎದುರು ಬಿಂದುವಿನ ಮೇಲೆಯೇ ನಿಂತಿತ್ತು: ಗುಮ್ಮಟ ಶಬ್ದವನ್ನು ಎದುರು ತುದಿಯಲ್ಲಿ ಒಟ್ಟುಗೂಡಿಸುತ್ತದೆ ಎಂದು. ಆಮೇಲೆ ಭೌತವಿಜ್ಞಾನಿ ಲಾರ್ಡ್ ರೇಲಿ, ಪಿಸುಮಾತು ಎದುರಿನಲ್ಲಿ ಮಾತ್ರವಲ್ಲ, ಗೋಡೆಯುದ್ದಕ್ಕೂ ಕೇಳಿಸುತ್ತದೆ ಎಂಬುದನ್ನು ಗಮನಿಸಿ, ಶಬ್ದ ಬಾಗಿದ ಗೋಡೆಗೆ ಅಂಟಿಕೊಂಡಂತೆ ತೆವಳುತ್ತದೆ ಎಂದು ತೋರಿಸಿದರು. ಬಾಗಿಸಿದ ತಗಡೊಂದರ ಒಂದು ತುದಿಯಲ್ಲಿ ಹಕ್ಕಿಯ ಕೂಗಿನಂಥ ಸೀಟಿ, ಇನ್ನೊಂದು ತುದಿಯಲ್ಲಿ ಶಬ್ದ ತಾಗಿದರೆ ಅದುರುವ ದೀಪದ ಜ್ವಾಲೆ ಇಟ್ಟು, ತಗಡಿನ ಒಳಮೈಗೆ ಒಂದು ಕಿರಿದಾದ ಪಟ್ಟಿಯನ್ನು ಅಡ್ಡ ಹಿಡಿದರೆ ಸಾಕು, ಜ್ವಾಲೆ ಸುಮ್ಮನಾಗುತ್ತಿತ್ತು. 1921ರಲ್ಲಿ ಇಂಗ್ಲೆಂಡಿಗೆ ಹೋಗಿದ್ದ ನಮ್ಮ ಸಿ.ವಿ. ರಾಮನ್ ಅವರೂ ಅದೇ ಗ್ಯಾಲರಿಯಲ್ಲಿ ಪ್ರಯೋಗ ಮಾಡಿದರು. ಏರಿಯವರಿಂದ ರೇಲಿಯವರಿಗೆ ಬರುವ ದಾರಿ ‘ಎದುರಿಗೆ’ ಎಂಬ ಒಂದು ಪದದಿಂದ ‘ಉದ್ದಕ್ಕೂ’ ಎಂಬ ಇನ್ನೊಂದು ಪದಕ್ಕೆ ಬರುವ ದಾರಿ. ನಮ್ಮ ಹುಡುಗಿ ಆ ದಾರಿಯನ್ನು ಕಾಲ್ನಡಿಗೆಯಲ್ಲಿಯೇ ಮುಗಿಸಿದ್ದಳು.

ಪದಗಳ ವಿಷಯಕ್ಕೆ ಬಂದರೆ, ನನಗೆ ನನ್ನದೇ ಕಥೆಯೊಂದನ್ನು ಹೇಳಬೇಕು. ಹತ್ತನೆಯವರೆಗೆ ಹಳ್ಳಿಯಲ್ಲಿ ಕನ್ನಡದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ವಿಜಯಪುರದ ಒಂದು ಕಾಲೇಜಿಗೆ ಸೇರಿದೆ. ಅಲ್ಲಿ ಎಲ್ಲವೂ ಇಂಗ್ಲಿಷ್. ಮೊದಲ ನಾಲ್ಕು ತಿಂಗಳು ನಾನು ಬರೆದುಕೊಂಡದ್ದು ಟಿಪ್ಪಣಿಯಲ್ಲ, ಸದ್ದು. ವೇಗೋತ್ಕರ್ಷ ಗೊತ್ತಿದ್ದ ನನಗೆ ಆಕ್ಸಿಲರೇಶನ್ ಅದೇ ಎಂದು ತಿಳಿಯಲು ವಾರಗಳೇ ಬೇಕಾದವು, ಕೇಳಿದರೆ ಹಿಂದಿನ ಬೆಂಚಿನವರು ನಗುತ್ತಿದ್ದರು. ಹೇಗೋ ಉರುಹೊಡೆದು ಒಳ್ಳೆಯ ಅಂಕ ತೆಗೆದೆ. ಬೇಸಿಗೆ ರಜೆಯಲ್ಲಿ ಊರಿಗೆ ಬಂದಾಗ, ಕಲಿತದ್ದನ್ನು ಅವ್ವನಿಗೆ ಹೇಳಬೇಕೆಂಬ ಹುಮ್ಮಸ್ಸು.

ಅಂದು ಮಧ್ಯಾಹ್ನ ಅವ್ವ ಮಣ್ಣಿನ ಹರವಿಯಿಂದ ನೀರು ತೋಡಿ ಕೊಟ್ಟಳು. ಹೊರಗೆ ನಲವತ್ತು ಡಿಗ್ರಿಯ ಬಿಸಿಲು, ನೀರು ತಣ್ಣಗಿತ್ತು. “ಅವ್ವಾ, ಇದು ಯಾಕ ತಣ್ಣಗೈತಿ ಗೊತ್ತೈತೇನು?” ಎಂದೆ. “ಹರವಿ ಬೆವರತೈತಿ, ಗಾಳಿ ಬಡೀತೈತಿ, ತಣ್ಣಗಾಗತಾವು. ಮಳಿಗಾಲದಾಗ ಹಿಂಗ ಆಗಂಗಿಲ್ಲ” ಎಂದಳು. ನಾನು ಅದು ಸಾಲದು ಎಂಬಂತೆ, ನೀರು ಆವಿಯಾಗಲು ಉಷ್ಣ ಬೇಕು, ಅದಕ್ಕೆ ಗುಪ್ತೋಷ್ಣ ಎನ್ನುತ್ತಾರೆ ಎಂದೆ. ಅವ್ವ ಲೋಟ ಕೆಳಗಿಟ್ಟು ಕೇಳಿದಳು: “ಗುಪ್ತ ಅಂದ್ರ ಅಡಗಿದ್ದು ಹೌದಲ್ಲೋ? ಎಲ್ಲಿ ಅಡಗಿರತೈತಿ ಅದು?”

ನನ್ನ ಬಳಿ ಉತ್ತರವಿರಲಿಲ್ಲ. ಸೂತ್ರ ಗೊತ್ತಿತ್ತು, ಏಕಮಾನ ಗೊತ್ತಿತ್ತು, ಲೇಟೆಂಟ್ ಹೀಟ್ ಎಂಬ ಇಂಗ್ಲಿಷ್ ಪದವೂ ಗೊತ್ತಿತ್ತು, ಅದರ ಅರ್ಥವೂ ಅಡಗಿದ್ದು ಎಂದೇ. ಎಲ್ಲಿ ಅಡಗಿದೆ ಎಂದು ನನಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಆ ಹೆಸರನ್ನು ಕೊಟ್ಟವರು ಜೋಸೆಫ್ ಬ್ಲ್ಯಾಕ್ ಎಂಬ ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ, 1760ರ ದಶಕದಲ್ಲಿ, ಎಂಬುದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಉಷ್ಣವೆಂದರೆ ವಸ್ತುವಿನೊಳಗೆ ಹರಿದು ಸೇರಿಕೊಳ್ಳುವ ಒಂದು ಬಗೆಯ ದ್ರವ ಎಂಬ ಕಲ್ಪನೆ ಬಲವಾಗಿದ್ದ ಕಾಲ ಅದು. ಕುದಿಯುವ ನೀರಿಗೆ ಎಷ್ಟು ಬೆಂಕಿ ಕೊಟ್ಟರೂ ಉಷ್ಣಮಾಪಕ ಮೇಲೇರುವುದಿಲ್ಲ, ಹಾಗಾದರೆ ಕೊಟ್ಟ ಉಷ್ಣ ಎಲ್ಲೋ ಅಡಗಿ ಕುಳಿತಿದೆ ಎಂದು ಅವರು ಹೆಸರಿಟ್ಟರು. ಉಷ್ಣ ದ್ರವವಲ್ಲ ಎಂದು ಆಮೇಲೆ ತಿಳಿಯಿತು; ಹೆಸರು ಮಾತ್ರ ಹಾಗೆಯೇ ಉಳಿದು, ನಾವೂ ಅದನ್ನೇ ಸಂಸ್ಕೃತಕ್ಕೆ ತಿರುಗಿಸಿಕೊಂಡೆವು. ಇವತ್ತಿನ ತಿಳಿವಳಿಕೆಯಲ್ಲಿ ಉಷ್ಣ ಎಲ್ಲಿಯೂ ಅಡಗಿಲ್ಲ, ಖರ್ಚಾಗಿದೆ: ಒಂದನ್ನೊಂದು ಹಿಡಿದುಕೊಂಡ ನೀರಿನ ಅಣುಗಳನ್ನು ಬಿಡಿಸಿ ದೂರ ಮಾಡುವ ಕೆಲಸಕ್ಕೆ. ಹರವಿಯ ಮೈಯಿಂದ ಒಂದು ಗ್ರಾಂ ನೀರು ಆವಿಯಾಗಿ ಹೋಗಲು ಬೇಕಾಗುವ ಉಷ್ಣ, ಒಳಗಿನ 500 ಗ್ರಾಂಗೂ ಹೆಚ್ಚು ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗೆ ಮಾಡಬಲ್ಲದು. ಮಳೆಗಾಲದಲ್ಲಿ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಹರವಿ ಸರಿಯಾಗಿ ಆರುವುದಿಲ್ಲ, ಆದ್ದರಿಂದ ನೀರೂ ತಣ್ಣಗಾಗುವುದಿಲ್ಲ. ಅವ್ವ ಹೇಳಿದ್ದ ಮೂರೂ ಮಾತು ಸರಿಯಾಗಿದ್ದವು. ನಾನು ಸೇರಿಸಿದ್ದು ಒಂದು ಹೆಸರು ಮಾತ್ರ, ಅದೂ ನನಗೆ ಅರ್ಥವಾಗದ ಹೆಸರು.

ಕನ್ನಡದಲ್ಲಿ ವಿಜ್ಞಾನ ಕಲಿಸಿದರೆ ಎಲ್ಲವೂ ತಾನಾಗಿ ಅರ್ಥವಾಗುತ್ತದೆ ಎಂದು ವಾದಿಸುವವರ ಜೊತೆ ನಾನು ಪೂರ್ತಿ ಹೋಗಲಾರದೆ ಇರುವುದು ಇದಕ್ಕೇ. ಗುಪ್ತೋಷ್ಣವೂ ಉರು ಹೊಡೆಯಲು ಬರುವ ಪದವೇ. ಪಾರಿಭಾಷಿಕ ಪದ ಯಾವ ಭಾಷೆಯಿಂದ ಬಂತು ಎಂಬುದಕ್ಕಿಂತ, ಆ ಪದವನ್ನು ಬಿಚ್ಚಿ “ಹಾಗಂದರೆ ಏನು, ಎಲ್ಲಿ, ಹೇಗೆ” ಎಂದು ಕೇಳಲು ಯಾವ ಭಾಷೆಯಲ್ಲಿ ನಮಗೆ ಧೈರ್ಯ ಬರುತ್ತದೆ ಎಂಬುದು ಮುಖ್ಯ. ನನ್ನ ಅವ್ವನಿಗೆ ಆ ಧೈರ್ಯ ಬಂದದ್ದು ಮಾತು ಅವಳದಾಗಿದ್ದರಿಂದ. ಕಾಲೇಜಿನಲ್ಲಿ ನನಗೆ ಬಾರದೇ ಹೋದದ್ದೂ ಅದೇ ಕಾರಣಕ್ಕೆ.

ಹಾಗೆ ಕೇಳಿದಾಗ ಎಂಥ ಪ್ರಶ್ನೆಗಳು ಬರುತ್ತವೆ ಎಂಬುದಕ್ಕೆ ಒಂದು ಉದಾಹರಣೆ. “ಕಣದ ದ್ರವ್ಯರಾಶಿ” ಎಂದು ಪಾಟಿಯ ಮೇಲೆ ಬರೆದಿದ್ದೆ. ಬಿಳಿಜೋಳದ ಹೊಲವಿರುವ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು: “ಸರ, ಕಣದಾಗ ರಾಶಿ ಇರತೈತ್ರಿ. ಕಣಕ್ಕ ರಾಶಿ ಹೆಂಗ ಇರತೈತ್ರಿ?” ಅವಳಿಗೆ ಕಣವೆಂದರೆ ಸುಗ್ಗಿಯಲ್ಲಿ ತೆನೆ ಒಕ್ಕುವ ಅಂಗಳ, ರಾಶಿಯೆಂದರೆ ಅದರ ನಡುವೆ ಗುಡ್ಡೆ ಹಾಕಿದ ಜೋಳ. ಪ್ರಶ್ನೆ ನೂರಕ್ಕೆ ನೂರು ನ್ಯಾಯವಾದದ್ದು. ನಾನು ಅವಳ ರಾಶಿಯಿಂದಲೇ ಶುರು ಮಾಡಿದೆ. ರಾಶಿಯಲ್ಲಿ ಎಷ್ಟು ಜೋಳವಿದೆ ಎಂಬುದು ಒಂದು ಮಾತು, ಆ ಜೋಳವನ್ನು ಭೂಮಿ ಎಷ್ಟು ಬಲದಿಂದ ಎಳೆಯುತ್ತಿದೆ ಎಂಬುದು ಇನ್ನೊಂದು ಮಾತು. ಮೊದಲನೆಯದು ದ್ರವ್ಯರಾಶಿ, ಎರಡನೆಯದು ತೂಕ. ಆರು ಕಿಲೋ ಜೋಳವನ್ನು ಚಂದ್ರನ ಮೇಲೆ ಒಯ್ದು ತಕ್ಕಡಿಗೆ ಹಾಕಿದರೆ ಇನ್ನೊಂದು ತಟ್ಟೆಯ ಆರು ಕಿಲೋ ಕಲ್ಲಿಗೆ ಅದು ಸರಿಯಾಗಿಯೇ ತೂಗುತ್ತದೆ, ಏಕೆಂದರೆ ಎರಡನ್ನೂ ಚಂದ್ರ ಒಂದೇ ರೀತಿ ಎಳೆಯುತ್ತಾನೆ. ಅದೇ ಜೋಳವನ್ನು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ತೂಗುಹಾಕಿದರೆ ಮುಳ್ಳು ಒಂದರ ಹತ್ತಿರ ನಿಲ್ಲುತ್ತದೆ, ಏಕೆಂದರೆ ಚಂದ್ರನ ಸೆಳೆತ ಭೂಮಿಯದರ ಆರನೆಯ ಒಂದು ಭಾಗ. ಸಂತೆಯಲ್ಲಿ “ತೂಕ ಎಷ್ಟು?” ಎಂದು ಕೇಳಿ “ಆರು ಕಿಲೋ” ಎಂಬ ಉತ್ತರ ಪಡೆಯುವಾಗ ನಾವು ಈ ಎರಡನ್ನೂ ಒಂದೇ ಚೀಲಕ್ಕೆ ಹಾಕುತ್ತೇವೆ. ಸಂತೆಯಲ್ಲಿ ಅದರಿಂದ ಯಾರಿಗೂ ನಷ್ಟವಿಲ್ಲ.

ಪದಗಳು ಹೀಗೆ ಎರಡು ಮೂರು ಕೆಲಸ ಮಾಡುವುದನ್ನು ದೋಷವೆಂದು ನಾನು ಎಣಿಸುವುದಿಲ್ಲ. ಪ್ರಮಾಣ ಎಂಬ ಒಂದು ಪದವನ್ನೇ ನೋಡಿ: ಉಪ್ಪಿನ ಪ್ರಮಾಣ ಎಂದರೆ ಅಳತೆ, ದೇವರ ಮುಂದೆ ಪ್ರಮಾಣ ಎಂದರೆ ಆಣೆ, ಶಾಸ್ತ್ರದಲ್ಲಿ ಪ್ರಮಾಣ ಎಂದರೆ ತಿಳಿವಿಗೆ ಆಧಾರ. ಅನುಮಾನ ಎಂಬುದು ಇನ್ನೂ ದೂರ ಬಂದಿದೆ. ತರ್ಕಶಾಸ್ತ್ರದಲ್ಲಿ ಅದು ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವ ಗಟ್ಟಿ ದಾರಿ. ನಮ್ಮ ಮಾತಿನಲ್ಲಿ “ಅವನ ಮ್ಯಾಲ ಅನುಮಾನ ಐತಿ” ಎಂದರೆ ಸಂಶಯ. ಊಹಿಸಿ ತಿಳಿದದ್ದರಲ್ಲಿ ಯಾವಾಗಲೂ ಒಂದಿಷ್ಟು ಸಂಶಯ ಉಳಿದೇ ಇರುತ್ತದೆ ಎಂಬುದನ್ನು ಕನ್ನಡಿಗರು ಆ ಪದಕ್ಕೇ ಕಲಿಸಿಬಿಟ್ಟರೇನೋ ಎಂದು ನನಗೆ ಅನ್ನಿಸುವುದುಂಟು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಣ್ಣಾರೆ ಕಂಡದ್ದನ್ನೂ ಅಳತೆಗೆ ಒಡ್ಡಲು ಹೇಳುತ್ತದೆ. 12ನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ವ್ಯವಹಾರಗಣಿತ ಬರೆದ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಿಂದ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದರು. ಅವರ ಕಾಲದಲ್ಲಿ ಪದಗಳನ್ನು ಕಟ್ಟುವ ಕಷ್ಟವಿತ್ತು. ನಮಗೆ ಪದಗಳು ಸಾಕಷ್ಟಿವೆ.

ಸ್ವಂತ ಊರಿನ ಅಭಿಮಾನದ ಮುಂದೆ ಈ ಎಚ್ಚರ ಎಷ್ಟು ಬೇಗ ಸಡಿಲಾಗುತ್ತದೆ ಎಂಬುದನ್ನೂ ಹೇಳಬೇಕು. ಭಾಸ್ಕರಾಚಾರ್ಯರು ಹುಟ್ಟಿದ್ದು ವಿಜಯಪುರದಲ್ಲಿ ಎಂದು ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ವರ್ಷಗಟ್ಟಲೆ ಮಕ್ಕಳಿಗೂ ಹೇಳಿದ್ದೇನೆ. ಅವರು ತಮ್ಮ ಬಗ್ಗೆ ತಾವೇ ಬರೆದಿರುವುದು ಇಷ್ಟು: ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ ಹುಟ್ಟಿದ್ದು, ಮೂವತ್ತಾರನೆಯ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿ ರಚಿಸಿದ್ದು, ಊರು ಸಹ್ಯಪರ್ವತದ ಸೀಮೆಯ ವಿಜ್ಜಡವಿಡ. ಆ ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಇನ್ನು ಕೆಲವರು ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದ ಕಡೆ ಕೈ ತೋರಿಸುತ್ತಾರೆ. ಭಾಸ್ಕರರ ಕೃತಿಗಳ ಅಧ್ಯಯನಕ್ಕಾಗಿ ಅವರ ಮೊಮ್ಮಗ ಚಂಗದೇವ ಸ್ಥಾಪಿಸಿದ ಮಠಕ್ಕೆ ದತ್ತಿ ಬಿಟ್ಟದ್ದನ್ನು ಹೇಳುವ 1207ರ ಶಾಸನ ಅಲ್ಲಿದೆ. ನಮ್ಮೂರಿಗೂ ಸಹ್ಯಾದ್ರಿಗೂ ಇರುವ ದೂರವನ್ನು ಬಲ್ಲ ನನಗೆ ಪಾಟಣದವರ ವಾದ ಹಗುರವೆಂದು ಹೇಳಲು ಬಾಯಿ ಬರುವುದಿಲ್ಲ. ನಮ್ಮೂರಿನವರೇ ಆಗಿರಲಿ ಎಂಬ ಆಸೆ ನನ್ನಲ್ಲಿ ಇಂದಿಗೂ ಗಟ್ಟಿಯಾಗಿದೆ. ಆದರೂ ಈಗ ತರಗತಿಯಲ್ಲಿ “ಇಲ್ಲಿ ಹುಟ್ಟಿದರು” ಎನ್ನುವುದನ್ನು ಬಿಟ್ಟು “ಇಲ್ಲಿ ಹುಟ್ಟಿರಬಹುದು” ಎನ್ನುತ್ತೇನೆ. ಮೊದಲ ಸಲ ಹಾಗೆ ಹೇಳಿದಾಗ, ಏನನ್ನೋ ಬಿಟ್ಟುಕೊಟ್ಟಂತೆ ಎದೆಯಲ್ಲಿ ಚುರುಕ್ ಎಂದದ್ದು ನಿಜ.

ಇನ್ನೊಂದು ಪ್ರತ್ಯಯದ ಮಾತು ಹೇಳಿ ಮುಗಿಸುತ್ತೇನೆ. ತಿಕೋಟಾ ಕಡೆ ನನ್ನ ಕಾಕಾನವರಿಗೆ ನಾಲ್ಕು ಎಕರೆ ದ್ರಾಕ್ಷಿ ತೋಟವಿದೆ. ಒಂದು ವರ್ಷ ಅಕ್ಟೋಬರಿನ ಚಾಟಣಿಯಾಗಿ, ಅಂದರೆ ಬಳ್ಳಿ ಕತ್ತರಿಸಿಯಾಗಿ, ಚಿಗುರು ಬಂದ ಹೊತ್ತಿಗೆ ಮಳೆ ಹಿಡಿದು, ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಚುಕ್ಕೆ, ಕೆಳಗೆ ಬಿಳಿ ಬೂಷ್ಟು ಕಾಣಿಸಿಕೊಂಡಿತು. ಡೌನಿ ರೋಗ. ಅಂಗಡಿಯವನು ಕೊಟ್ಟ ಹೊಸ ಔಷಧ ಹೊಡೆದರು, ವಾರದಲ್ಲಿ ರೋಗ ನಿಂತಿತು. “ಎಣ್ಣಿ ಹೊಡದ ಮ್ಯಾಲ ಡೌನಿ ಹೋತ್ ನೋಡು” ಎಂದರು ಕಾಕಾ. ಎಣ್ಣಿ ಎಂದರೆ ಇಲ್ಲಿ ಆ ಔಷಧವೇ. ಈ ‘ಮ್ಯಾಲ’ ಬಹಳ ಜಾಣ ಪದ. ಹೊಡೆದ ಮೇಲೆ ಹೋಯಿತು ಎಂಬುದು ಕಾಲದ ಮಾತು, ಹೊಡೆದದ್ದರಿಂದ ಹೋಯಿತು ಎಂಬುದು ಕಾರಣದ ಮಾತು. ಕಾಕಾ ಆಡಿದ್ದು ಮೊದಲನೆಯದು, ಕೇಳುವವರ ಮನಸ್ಸಿಗೆ ಇಳಿಯುವುದು ಎರಡನೆಯದು. ಅದೇ ವಾರ ಮಳೆಯೂ ನಿಂತು ಬಿಸಿಲು ಬಿದ್ದಿತ್ತು, ಮತ್ತು ಎಲೆ ಒಣಗಿದರೆ ಡೌನಿ ಹಬ್ಬುವುದಿಲ್ಲ.

ನಾನು ಕಾಕಾನವರಿಗೆ ಫ್ರಾನ್ಸಿನ ಬೋರ್ಡೋ ಸೀಮೆಯ ಕಥೆ ಹೇಳಿದೆ. ಅಲ್ಲಿ 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು ಡೌನಿಯಿಂದ ಎಲೆ ಉದುರಿದ ತೋಟಗಳ ನಡುವೆ ಹೋಗುವಾಗ ದಾರಿಯ ಅಂಚಿನ ಬಳ್ಳಿಗಳು ಮಾತ್ರ ಹಸಿರಾಗಿ ಇದ್ದುದನ್ನು ಕಂಡರು. ದಾರಿಹೋಕರು ಹಣ್ಣು ಕೀಳದಿರಲಿ ಎಂದು ತೋಟದವರು ಅಂಚಿನ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಬಳಿದಿದ್ದರು. ಒಳಗಿನ ಸಾಲುಗಳಿಗೆ ಬಳಿದಿರಲಿಲ್ಲ. ಮಳೆ, ಬಿಸಿಲು, ಮಣ್ಣು ಎರಡಕ್ಕೂ ಒಂದೇ ಆಗಿದ್ದರಿಂದ ‘ಮೇಲೆ’ ಎಂಬುದನ್ನು ‘ಇಂದ’ ಎಂದು ಹೇಳಲು ಅವರಿಗೆ ಆಧಾರ ಸಿಕ್ಕಿತು. ಕೆಲವು ವರ್ಷ ಪ್ರಯೋಗ ಮಾಡಿ 1885ರಲ್ಲಿ ಅದನ್ನು ಪ್ರಕಟಿಸಿದರು. ಕಾಕಾ ಇಂದಿಗೂ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಮಾಡಿಕೊಳ್ಳುವ ಬೋರ್ಡೋ ದ್ರಾವಣ ಅದೇ.

“ಹಂಗಾದ್ರ ನಾನೂ ಒಂದು ಸಾಲು ಬಿಡಬೇಕೇನು?”

“ಒಂದು ಸಾಲು ಬ್ಯಾಡ್ರಿ ಕಾಕಾ, ತುದಿಯ ಹತ್ತು ಗಿಡ ಬಿಡ್ರಿ ಸಾಕು. ಹೊಸಾ ಔಷಧ ಅವಕ್ಕ ಹೊಡೀಬ್ಯಾಡ್ರಿ.”

“ಹತ್ತು ಗಿಡ ಹ್ವಾದ್ರ ನೀ ಕೊಡ್ತೀಯೇನು?”

ಕೊಡುತ್ತೇನೆ ಎಂದೆ. ಮರುವರ್ಷ ಕಾಕಾ ನಿಜವಾಗಿಯೂ ಹತ್ತು ಗಿಡಕ್ಕೆ ಕೆಂಪು ದಾರ ಕಟ್ಟಿ ಬಿಟ್ಟಿದ್ದರು. ನಾನು ಎರಡು ಭಾನುವಾರ ಹೋಗಿ ಎಲೆ ತಿರುವಿ ನೋಡಿ ಬಂದೆ. ಆ ವರ್ಷ ಅಕ್ಟೋಬರಿನಲ್ಲಿ ಮಳೆಯೇ ಆಗಲಿಲ್ಲ, ಔಷಧ ಹೊಡೆದ ಗಿಡಕ್ಕೂ ಹೊಡೆಯದ ಗಿಡಕ್ಕೂ ಡೌನಿ ಬರಲಿಲ್ಲ. ಔಷಧದ ಬಗ್ಗೆ ಏನೂ ತಿಳಿಯಲಿಲ್ಲ. ದಾರ ಹಾಗೆಯೇ ಇರಲಿ ಎಂದು ಕಾಕಾ ಹೇಳಿದ್ದಾರೆ, ಈ ಸಲ ಮಳೆ ಬಂದೀತು.